ಹೆಸರು ಇರಲಿ, ಕಾರಣ ಬೇಡ

2016ರಲ್ಲಿ ನಾನು ದುಬೈನ ಒಂದು ಕಾನೂನು ಸಂಸ್ಥೆಯಲ್ಲಿ ಹಿರಿಯ ಲೀಗಲ್ ಕನ್ಸಲ್ಟೆಂಟ್ ಆಗಿದ್ದೆ. ಮಂಗಳೂರಿನಲ್ಲಿ ವಕೀಲನಾಗಿದ್ದವನಿಗೆ ಈ ಹುದ್ದೆಯ ಹೆಸರು ಮೊದಮೊದಲು ರುಚಿಸಿರಲಿಲ್ಲ. ಆ ದೇಶದ ಸಾಮಾನ್ಯ ಕೋರ್ಟುಗಳ ವ್ಯವಹಾರವೆಲ್ಲ ಅರಬ್ಬಿಯಲ್ಲಿ. ಅಲ್ಲಿ ನಮ್ಮಂಥವರು ವಾದಿಸುವಂತಿಲ್ಲ. ಆದರೆ ಹಣಕಾಸು ಕಂಪನಿಗಳಿಗೆಂದೇ ಮಾಡಿದ ಮುಕ್ತ ವಲಯದಲ್ಲಿ ಬೇರೆಯೇ ಒಂದು ಕೋರ್ಟು ಇದೆ. ಅದರ ಭಾಷೆ ಇಂಗ್ಲಿಷ್. ರೀತಿ ನೀತಿ ನಮ್ಮ ಊರಿನ ಕೋರ್ಟುಗಳಿಗೆ ಹತ್ತಿರ. ವಿಚಾರಣೆಗೆ ಯಾರು ಬೇಕಾದರೂ ಬಂದು ಕೂರಬಹುದು. ದೊಡ್ಡ ದಾವೆಗಳ ತೀರ್ಪು ಹೆಸರು, ವಿವರ ಸಮೇತ ವೆಬ್‌ಸೈಟಿಗೆ ಹೋಗುತ್ತದೆ. ಕಾನೂನಿನಲ್ಲಿ ಇದನ್ನು ಓಪನ್ ಜಸ್ಟಿಸ್ ಎನ್ನುತ್ತಾರೆ. ನ್ಯಾಯ ನಾಲ್ಕು ಜನರ ಕಣ್ಣೆದುರಿಗೇ ನಡೆಯಬೇಕು ಎಂಬುದು ಅದರ ಸಾರ. ಅದನ್ನು ನಂಬಿಯೇ ನಾನು ಈ ವೃತ್ತಿಗೆ ಬಂದವನು. ಆ ನಂಬಿಕೆಯನ್ನು ಒರೆಗೆ ಹಚ್ಚಿದ ಒಂದು ಕೇಸನ್ನು, ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಶೈಲಜಾ ಉಡುಪಿ ಕಡೆಯವರು. ಆ ಮುಕ್ತ ವಲಯದ ಒಂದು ಹೂಡಿಕೆ ಕಂಪನಿಯಲ್ಲಿ ಕಂಪ್ಲಯನ್ಸ್ ಆಫೀಸರ್ ಆಗಿದ್ದರು. ಕಂಪನಿ ಕಾನೂನು ಪಾಲಿಸುತ್ತಿದೆಯೇ ಎಂದು ಒಳಗಿನಿಂದಲೇ ಕಾವಲು ಕಾಯುವ ಹುದ್ದೆ ಅದು. ಪ್ರಾಮಾಣಿಕತೆಯೇ ಅದಕ್ಕೆ ಬಂಡವಾಳ. ಅವರನ್ನು ಕೆಲಸದಿಂದ ತೆಗೆಯಲು ಕೊಟ್ಟ ಕಾರಣ ಅದಕ್ಕೆ ತದ್ವಿರುದ್ಧ: ಅಪ್ರಾಮಾಣಿಕತೆ. ಅವರು ಆಗಾಗ ಸಿಕ್ ಲೀವ್ ತೆಗೆದುಕೊಂಡಿದ್ದರು. ಆಸ್ಪತ್ರೆಯ ಸರ್ಟಿಫಿಕೇಟನ್ನೂ ಕೊಟ್ಟಿದ್ದರು. ಅಂಥ ಒಂದು ದಿನ ಅವರು ಅಬುಧಾಬಿಯ ಮಾಲ್ ಒಂದರಲ್ಲಿ ಗಂಡನ ಜತೆ ಕಾಫಿ ಕುಡಿಯುತ್ತಿದ್ದುದನ್ನು ಸಹೋದ್ಯೋಗಿಯೊಬ್ಬರು ಕಂಡರು. ಸರ್ಟಿಫಿಕೇಟುಗಳು ಪರಿಚಯದವರಿಂದ ಮಾಡಿಸಿಕೊಂಡವು ಎಂದು ಕಂಪನಿ ಅನುಮಾನಿಸಿತು. ಯಾವ ಕಾಯಿಲೆ, ಏನು ಚಿಕಿತ್ಸೆ ಎಂದು ಕೇಳಿದಾಗ ಶೈಲಜಾ ಬಾಯಿ ಬಿಡಲಿಲ್ಲ. ಕಂಪನಿ ಅವರನ್ನು ತೆಗೆದುಹಾಕಿ, ತೆಗೆದ ಕಾರಣವನ್ನು ಹಣಕಾಸು ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಕ ಸಂಸ್ಥೆಗೆ ತಿಳಿಸಿತು. ಆ ಒಂದು ಮಾತು ದಾಖಲಾದ ಮೇಲೆ ಅವರನ್ನು ಆ ವಲಯದಲ್ಲಿ ಯಾರೂ ಕೆಲಸಕ್ಕೆ ಸೇರಿಸಿಕೊಳ್ಳುವಂತಿರಲಿಲ್ಲ.

ಕಂಪನಿಯ ಮೇಲೆ ದಾವೆ ಹೂಡಲೆಂದು ಬಂದು, ನನ್ನ ಮುಂದೆ ಕುಳಿತು ಅವರು ಕೇಳಿದ ಮೊದಲ ಪ್ರಶ್ನೆ, ಕೋರ್ಟಿನಲ್ಲಿ ಹೇಳಿದ್ದೆಲ್ಲ ಇಂಟರ್‌ನೆಟ್ಟಿಗೆ ಬರುತ್ತದೆಯೇ ಎಂಬುದು. ಬರುತ್ತದೆ, ಆದರೆ ನಿಮ್ಮ ಹೆಸರನ್ನು ಮರೆಮಾಡಿ ಎಂದು ಅರ್ಜಿ ಹಾಕಬಹುದು ಎಂದೆ. ಇಂಥ ಸಂದರ್ಭದಲ್ಲಿ ಎಲ್ಲ ವಕೀಲರೂ ಕೊಡುವ ಸಲಹೆ ಅದು.

ಅವರು, "ಹೆಸರು ತೆಗೆದ್ರೆ, ನಾನು ಸುಳ್ಳು ಹೇಳಿದವಳಲ್ಲ ಅಂತ ಯಾರಿಗೆ ಗೊತ್ತಾಗ್ತದೆ ಸರ್?" ಎಂದರು.

ಕಳಂಕ ಬಂದದ್ದು ಅವರ ಹೆಸರಿಗೆ, ತೊಳೆಯಬೇಕಾದದ್ದೂ ಅದನ್ನೇ. ಹೆಸರು ಬಹಿರಂಗವಾಗಬೇಕು, ಕಾರಣ ಗುಟ್ಟಾಗಿರಬೇಕು. ಅಂಥ ಅರ್ಜಿಯನ್ನು ನಾನು ಅದುವರೆಗೆ ಬರೆದಿರಲಿಲ್ಲ. ಕಾರಣವೇನೆಂದು ನನಗಾದರೂ ತಿಳಿಸಬೇಕು ಎಂದಾಗ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದು ಎದ್ದರು.

ಮುಂದಿನ ಶುಕ್ರವಾರ ನಾನೇ ಅಬುಧಾಬಿಗೆ ಹೋದೆ. ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರಲ್ಲಿ ಅವರ ಫ್ಲ್ಯಾಟು. ಶೈಲಜಾರ ಗಂಡ ಹರೀಶ್ ಒಂದು ಹೋಟೆಲಿನಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಊರಿನವರ ಸಂಘದಲ್ಲಿ ಅವರನ್ನು ತಿಳಿಯದವರಿಲ್ಲ. ವಾಲಿಬಾಲ್ ಪಂದ್ಯವಿರಲಿ, ಊರಿಂದ ಯಕ್ಷಗಾನ ಮೇಳ ಬರಲಿ, ಓಡಾಟವೆಲ್ಲ ಅವರದೇ. ಬಾಗಿಲು ತೆರೆದವರು ನನ್ನನ್ನು ಕೂರಿಸಿ, ತಾವೇ ಚಹಾ ಮಾಡಿ ತಂದು, ನನ್ನ ಎದುರು ಕುಳಿತರು.

"ತೊಂದರೆ ಇರುದು ನನ್ನಲ್ಲಿ ಸರ್," ಎಂದರು. "ಮಕ್ಕಳಾಗ್ಲಿಕ್ಕೆ ಟ್ರೀಟ್‌ಮೆಂಟ್ ಮಾಡಿಸ್ತಾ ಇದ್ದೇವೆ. ಇಂಜೆಕ್ಷನ್, ಆಸ್ಪತ್ರೆ ಎಲ್ಲ ಮಾತ್ರ ಇವಳಿಗೇ. ಊರಲ್ಲಿ ಎಲ್ಲ ಇವಳದ್ದೇ ಅಂತ ತಿಳ್ಕೊಂಡಿದ್ದಾರೆ. ಇವಳು ಒಂದು ದಿನವೂ ಅಲ್ಲ ಅಂತ ಹೇಳ್ಲಿಲ್ಲ."

ಹರೀಶರ ತಾಯಿ ಸೊಸೆಯ ಜಾತಕದಲ್ಲಿ ದೋಷ ಹುಡುಕಿಸಿದ್ದರು. ಸುಬ್ರಹ್ಮಣ್ಯಕ್ಕೆ ಕರೆದೊಯ್ದು ಆಶ್ಲೇಷಾ ಬಲಿ ಮಾಡಿಸಿದ್ದರು. ಶೈಲಜಾ ಎಲ್ಲಕ್ಕೂ ತಲೆಬಾಗಿ ಕುಳಿತಿದ್ದರಂತೆ. ಮಾಲಿನಲ್ಲಿ ಕಾಫಿ ಕುಡಿದದ್ದು, ಒಂದು ಪ್ರಯತ್ನ ವಿಫಲವಾಯಿತೆಂದು ಆಸ್ಪತ್ರೆಯಲ್ಲಿ ಕೇಳಿ ಬಂದ ದಿನ. ಮನೆಗೆ ಹೋಗುವ ಮನಸ್ಸಾಗದೆ ಇಬ್ಬರೂ ಅಲ್ಲಿ ಕುಳಿತಿದ್ದರು.

ಹರೀಶ್ ಎಲ್ಲವನ್ನೂ ಕೋರ್ಟಿನಲ್ಲಿ ಹೇಳಿಬಿಡಿ ಎಂದರು. ಹೆಂಡತಿಯ ಜೀವನ ಹಾಳಾಗುವುದಕ್ಕಿಂತ ತನ್ನ ಮರ್ಯಾದೆ ದೊಡ್ಡದಲ್ಲ ಎಂಬುದು ಅವರ ಮಾತು. ಅಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಜಾ, ಹಾಗೆ ಮಾಡುವುದಾದರೆ ಕೇಸನ್ನೇ ಕೈಬಿಡುತ್ತೇನೆ ಎಂದರು. ಸಂಘದ ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿ ಆ ತೀರ್ಪು ಹೇಗೆ ಓಡಾಡುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಒಬ್ಬರಿಗಾಗಿ ಒಬ್ಬರು ಸೋಲಲು ಸಿದ್ಧರಿದ್ದ ಅವರ ನಡುವೆ ಕುಳಿತು, ಇಬ್ಬರೂ ಸೋಲದ ದಾರಿಯೊಂದನ್ನು ಹುಡುಕಲು ನನಗೆ ಸಮಯ ಕೊಡಿ ಎಂದು ಕೇಳಿಕೊಂಡೆ.

ಅರ್ಜಿಯಲ್ಲಿ ಎರಡೇ ಕೋರಿಕೆ ಇಟ್ಟೆ. ವೈದ್ಯರ ಸಾಕ್ಷ್ಯವನ್ನು ಮುಚ್ಚಿದ ಕೋಣೆಯಲ್ಲಿ ಕೇಳಬೇಕು. ಚಿಕಿತ್ಸೆಯ ವಿವರವನ್ನು ತೀರ್ಪಿನಿಂದ ಬೇರೆಯಾಗಿ, ಎರಡೂ ಕಡೆಯವರಿಗೆ ಮಾತ್ರ ಸಿಗುವ ಗೋಪ್ಯ ಅನುಬಂಧದಲ್ಲಿ ಬರೆಯಬೇಕು. ಉಳಿದದ್ದೆಲ್ಲ, ಶೈಲಜಾರ ಹೆಸರೂ ಸೇರಿ, ಬಹಿರಂಗವಾಗಿರಲಿ.

ಕಂಪನಿಯ ವಕೀಲರು ಬಲವಾಗಿ ವಿರೋಧಿಸಿದರು. ನಮ್ಮ ಕಂಪನಿ ತಪ್ಪು ಮಾಡಿತು ಎಂದು ಹೆಸರು ಸಮೇತ ಲೋಕಕ್ಕೆಲ್ಲ ತಿಳಿಯಬಹುದು, ಆದರೆ ಆ ತೀರ್ಮಾನಕ್ಕೆ ಕಾರಣ ಕತ್ತಲಲ್ಲಿ ಉಳಿಯುತ್ತದೆ, ಇದು ಯಾವ ನ್ಯಾಯ ಎಂದರು. ಒಬ್ಬರಿಗೆ ಹೀಗೆ ಪರದೆ ಎಳೆದರೆ ನಾಳೆ ಪ್ರಭಾವಿಗಳೆಲ್ಲ ಪರದೆ ಕೇಳುತ್ತಾರೆ ಎಂದೂ ಹೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ನ್ಯಾಯಾಧೀಶರು ಬೇರೆ ದೇಶದಲ್ಲಿ ನಿವೃತ್ತರಾಗಿ ಬಂದ ಹಿರಿಯರು. ಮಾತು ಕಡಿಮೆ. ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಈ ಗುಟ್ಟು ಯಾರದ್ದು?"

ಅದು ವಾದಿಯ ಗುಟ್ಟಷ್ಟೇ ಅಲ್ಲ, ಈ ಕೇಸಿನಲ್ಲಿ ಕಕ್ಷಿದಾರನೇ ಅಲ್ಲದ ಇನ್ನೊಬ್ಬ ವ್ಯಕ್ತಿಯದೂ ಹೌದು, ಅದಕ್ಕಿಂತ ಹೆಚ್ಚನ್ನು ತೆರೆದ ಕೋರ್ಟಿನಲ್ಲಿ ಹೇಳಲಾರೆ ಎಂದೆ. ಅವರು ಕಂಪನಿಯ ವಕೀಲರ ಕಡೆ ತಿರುಗಿ, ವೈದ್ಯರನ್ನು ಪಾಟೀಸವಾಲು ಮಾಡಲು ನಿಮಗೆ ಪೂರ್ತಿ ಅವಕಾಶವಿರುವಾಗ, ರೋಗದ ಹೆಸರು ಊರಿಗೆ ತಿಳಿಯದಿದ್ದರೆ ನಿಮಗಾಗುವ ನಷ್ಟವೇನು ಎಂದು ವಿಚಾರಿಸಿದರು. ಬಂದ ಉತ್ತರ ಉದ್ದವಾಗಿತ್ತು, ಆದರೆ ನಷ್ಟ ಯಾವುದೆಂದು ಅದರಲ್ಲಿ ಇರಲಿಲ್ಲ. ಅರ್ಜಿ ಮಂಜೂರಾಯಿತು.

ಸಾಕ್ಷ್ಯದ ದಿನ ಗ್ಯಾಲರಿಯಲ್ಲಿದ್ದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಹರೀಶ್ ಒಳಗೇ ಇರುತ್ತೇನೆಂದು ಕೇಳಿಕೊಂಡು, ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದರು. ವೈದ್ಯೆ ಈಜಿಪ್ಟಿನವರು. ಸರ್ಟಿಫಿಕೇಟು ಕೊಟ್ಟದ್ದು ತಾನೇ, ಆ ದಿನಗಳಲ್ಲಿ ಶೈಲಜಾ ಆಸ್ಪತ್ರೆಯಲ್ಲಿ ಇರಲೇಬೇಕಿತ್ತು ಎಂದು ನಿಧಾನವಾಗಿ ವಿವರಿಸಿದರು. ಹರೀಶರ ವಿಷಯ ಬಂದಾಗ ನಾನು ಅವರ ಕಡೆ ನೋಡಲಿಲ್ಲ. ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದು, ಸರ್ಟಿಫಿಕೇಟುಗಳ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ, ಬೇರೇನನ್ನೂ ಕೆದಕದೆ ಕುಳಿತರು. ಆ ಸೌಜನ್ಯವನ್ನು ನಾನು ಮರೆತಿಲ್ಲ.

ತೀರ್ಪು ವೆಬ್‌ಸೈಟಿಗೆ ಬಂದ ದಿನ ನಾನು ಅಲ್ ಕೂಜ್‌ನ ಗ್ಯಾರೇಜೊಂದರಲ್ಲಿ ಕಾರಿನ ರಿಪೇರಿಗೆ ಕಾಯುತ್ತಿದ್ದೆ. ಫೋನಿನ ಸಣ್ಣ ಪರದೆಯಲ್ಲೇ ಓದಿದೆ. ವಾದಿಯ ಪೂರ್ತಿ ಹೆಸರಿತ್ತು. ಅವರು ತೆಗೆದುಕೊಂಡ ರಜೆ ನಿಜವಾದ ವೈದ್ಯಕೀಯ ಕಾರಣಕ್ಕೆ, ಕೋರ್ಟು ಅದನ್ನು ಸ್ವತಃ ಪರಿಶೀಲಿಸಿದೆ, ಅವರ ಪ್ರಾಮಾಣಿಕತೆಯನ್ನು ಶಂಕಿಸಲು ಯಾವ ಆಧಾರವೂ ಇರಲಿಲ್ಲ ಎಂದಿತ್ತು. ಕಂಪನಿ ನಿಯಂತ್ರಕ ಸಂಸ್ಥೆಗೆ ತಿಳಿಸಿದ್ದನ್ನು ತಿದ್ದಬೇಕು ಎಂಬ ಆದೇಶವೂ ಇತ್ತು. ಯಾವ ಕಾಯಿಲೆ, ಯಾರ ಚಿಕಿತ್ಸೆ ಎಂಬುದರ ಸುಳಿವು ಎಲ್ಲೂ ಇರಲಿಲ್ಲ. ಸಮಾಧಾನವಾಗದೆ ಮೊದಲಿಂದ ಇನ್ನೊಮ್ಮೆ ಓದಿದೆ.

ಶೈಲಜಾಗೆ ಫೋನ್ ಮಾಡಿದರೆ ಅವರು ಅಳುತ್ತಿದ್ದರು. ಫೋನನ್ನು ಹರೀಶ್ ತೆಗೆದುಕೊಂಡರು. ಧನ್ಯವಾದ ಹೇಳಿ, ನಿನ್ನೆ ತಾಯಿಗೆ ಫೋನ್ ಮಾಡಿ ಎಲ್ಲ ತಿಳಿಸಿಬಿಟ್ಟೆ ಎಂದರು. ನಾನು ಬೆಚ್ಚಿದೆ. ಇಷ್ಟೆಲ್ಲ ಹೋರಾಡಿ ಮುಚ್ಚಿದ್ದನ್ನು ನೀವೇ ಯಾಕೆ ಹೇಳಿದಿರಿ ಎಂದು ಕೇಳಿದೆ.

"ಕೋರ್ಟು ಹೇಳುದು ಬೇಡ ಅಂತ ನಾವು ಕೇಳಿದ್ದು ಸರ್. ಅಮ್ಮನಿಗೆ ನಾನು ಹೇಳ್ಲಿಕ್ಕುಂಟಲ್ಲ, ಅದು ಬೇರೆ," ಎಂದರು. ತಾಯಿ ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡರಂತೆ. ಆಮೇಲೆ, ಫೋನನ್ನು ಸೊಸೆಗೆ ಕೊಡು ಎಂದರಂತೆ.

ಶೈಲಜಾಗೆ ಅದೇ ವಲಯದ ಇನ್ನೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಕೇಸಿನ ನಂತರವೂ ಓಪನ್ ಜಸ್ಟಿಸ್ ಮೇಲಿನ ನನ್ನ ನಂಬಿಕೆ ಕುಗ್ಗಲಿಲ್ಲ. ಮುಚ್ಚಿದ ಬಾಗಿಲು ಬೇಕೆಂದು ಕಕ್ಷಿದಾರರು ಬಂದಾಗಲೆಲ್ಲ, ಎಷ್ಟು ಕಡಿಮೆ ಮುಚ್ಚಿದರೆ ಸಾಕು ಎಂದೇ ಮೊದಲು ಲೆಕ್ಕ ಹಾಕುತ್ತಿದ್ದೆ. ನ್ಯಾಯಾಧೀಶರು ಹೇಗೆ ಯೋಚಿಸಿದರು ಎಂಬುದನ್ನು ತಿಳಿಯುವ ಹಕ್ಕು ಊರಿಗಿದೆ. ಒಬ್ಬ ಮನುಷ್ಯ ತನ್ನ ನೋವನ್ನು ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕೆಂಬುದು ಮಾತ್ರ ಅವನಿಗೇ ಸೇರಿದ್ದು. ಅದನ್ನು ಅವನ ಕೈಯಲ್ಲೇ ಉಳಿಸಿಕೊಟ್ಟರೆ, ಹೇಳಬೇಕಾದವರಿಗೆ ಅವನೇ ಹೇಳುತ್ತಾನೆ.