ಗಾಜಿನಾಚೆಯ ಜವಾಬು

ಮೊನ್ನೆ ತೇರದಾಳದಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಡ್ರೈವರ್ ಚಹಾ ಕುಡಿಯಲು ಇಳಿದಿದ್ದ. ಮುಂದಿನ ಸೀಟಿನ ಹುಡುಗನ ಮೊಬೈಲಿನಲ್ಲಿ ಒಂದು ಹಾಡು ಶುರುವಾಯಿತು. ಹಾಡಿಗೂ ಮೊದಲು ಅದರಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತದೆ. ಇಡೀ ಬಸ್ಸಿಗೆ ಎದ್ದು ನಿಂತು ಹೇಳಬೇಕೆನಿಸಿತು: ಅದು ನನ್ನ ದೊಡ್ಡವ್ವನ ಗಂಟಲು!

ಹೇಳಲಿಲ್ಲ. ಹೇಳಿದ್ದರೆ ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದ, ಅಷ್ಟೇ. ನಿಮಗೆ ಹೇಳುತ್ತೇನೆ.

ದೊಡ್ಡವ್ವ ನೀಲವ್ವ ನನ್ನ ತಾಯಿಯ ಅಕ್ಕ. ರಬಕವಿಯಲ್ಲಿ ನಮ್ಮ ಪಕ್ಕದ ಮನೆ. ಹರೆಯದಿಂದಲೂ ಪಾವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯ್ದವಳು. ಆ ಶೆಡ್ಡಿನೊಳಗೆ ನೀವು ಒಮ್ಮೆ ಹೋಗಬೇಕು. ಮಗ್ಗಗಳು ಓಡುವಾಗ ಪಕ್ಕದವರು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ನಮ್ಮೂರಿನವರಿಗೆ ಎರಡು ಗುಣ ಬಂದಿವೆ. ಒಂದು, ಮನೆಯಲ್ಲೂ ಜಗಳಕ್ಕೆ ನಿಂತವರ ಹಾಗೆ ಮಾತಾಡುವುದು; ಮುಧೋಳದ ಬೀಗರು ಮೊದಲ ಸಲ ನಮ್ಮ ಮನೆಗೆ ಬಂದಾಗ ಗಾಬರಿಯಾಗಿ ಅರ್ಧ ಊಟಕ್ಕೇ ಎದ್ದಿದ್ದರು. ಇನ್ನೊಂದು, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವುದು. ಶೆಡ್ಡಿನ ಹೆಂಗಸರು ದಿನವಿಡೀ ಹೀಗೆ ಮಾತಾಡುತ್ತಾರೆ, ಬೈಯುತ್ತಾರೆ, ಹಾಡುತ್ತಾರೆ ಕೂಡ.

ದೊಡ್ಡವ್ವನ ಎದುರಿನ ಮಗ್ಗ ಕಸ್ತೂರೆವ್ವನದು. ಮುಧೋಳದ ಕಬ್ಬಿನ ಸೀಮೆಯಿಂದ ಸೊಸೆಯಾಗಿ ಬಂದವಳು, ಅಲ್ಲಿಯವರೆಗೆ ಮಗ್ಗ ಕಂಡವಳಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಬೇಗ ಕಲಿತಳು, ಆದರೆ ಬಂದ ಹೊಸದರಲ್ಲಿ ನೂಲು ಹರಿದಾಗಲೆಲ್ಲ ಅಳುತ್ತಿದ್ದಳಂತೆ. ಒಂದು ದಿನ ಎದುರಿನಿಂದ ದೊಡ್ಡವ್ವ ಒಂದು ಸಾಲು ಹಾಡಿ ಕೇಳಿದಳು:

"ಹಾಸಿನ ಎಳಿ ನಾ ಆದ್ರ, ಹೊಕ್ಕಿನ ಎಳಿ ಯಾರ?"

ಉದ್ದಕ್ಕೆ ಹಾಸಿದ ನೂಲು ನಾನಾದರೆ ಅಡ್ಡಕ್ಕೆ ಬರುವ ನೂಲು ಯಾರು ಎಂದು. ಕಣ್ಣೊರೆಸಿಕೊಂಡು ಕಸ್ತೂರೆವ್ವ ಜವಾಬು ಕೊಟ್ಟಳು:

"ಹೊಕ್ಕ ಬರತೇನಿ ನಾ ಗೆಳತಿ, ಹರದಲ್ಲೆ ಗಂಟ ಹಾಕ."

ಅಲ್ಲಿಂದ ಹಾಡು ಬೆಳೆಯುತ್ತ ಹೋಯಿತು. ಒಂದು ಸಾಲು ಇವಳದು, ಒಂದು ಸಾಲು ಅವಳದು.

ನಾನು ತಾರೀಖು ಹಾಕದೆ ಏನನ್ನೂ ಬರೆಯಲಾರದವಳು. ವಾರದಲ್ಲಿ ಎಷ್ಟು ಸಲ ಕರೆಂಟು ಹೋಯಿತು ಎಂಬುದೂ ನನ್ನ ದಿನಚರಿಯಲ್ಲಿ ಇರುತ್ತದೆ. ಮನೆಯಲ್ಲಿ ನನ್ನನ್ನು ತಲಾಠಿ, ಅಂದರೆ ಊರಿನ ಲೆಕ್ಕ ಬರೆಯುವವಳು, ಎಂದೇ ಕರೆಯುತ್ತಾರೆ. ಹಾಡು ಹುಟ್ಟಿದ ದಿನ ಯಾವುದು ಎಂದು ಪೆನ್ನು ಹಿಡಿದು ಕೇಳಿದರೆ ದೊಡ್ಡವ್ವ, "ಕರೆಂಟ್ ಹೋಗಿ ಬಂದ ದಿನ, ಬರ್ಕೋ" ಎಂದಳು. ನಮ್ಮೂರಲ್ಲಿ ಯಾವ ದಿನ ಹಾಗಲ್ಲ? ಆ ಪುಟದಲ್ಲಿ ತಾರೀಖಿನ ಜಾಗ ಇನ್ನೂ ಖಾಲಿ ಇದೆ.

ನಾನು ಹೀಗೆ ಪೆನ್ನು ಹಿಡಿಯುವ ಹೊತ್ತಿಗೆ ಕಸ್ತೂರೆವ್ವನ ಕಿವಿ ಪೂರ್ತಿ ಹೋಗಿತ್ತು. ಮಗ್ಗದ ಸದ್ದು ತಿಂದ ಕಿವಿ. ಅದರ ಬಗ್ಗೆ ಅವಳಿಗೆ ದುಃಖಕ್ಕಿಂತ ತಮಾಷೆಯೇ ಹೆಚ್ಚು. "ನಿಮ್ಮ ದೊಡ್ಡವ್ವ ಹಾಡೂದು ಕೇಳಬಾರದಂತ ದೇವರ ನನ್ನ ಕಿವಿ ಮುಚ್ಚ್ಯಾನ" ಎನ್ನುತ್ತಿದ್ದಳು.

ಹಾಡನ್ನು ರೆಕಾರ್ಡ್ ಮಾಡಿಸಬೇಕೆಂದು ಹಟ ಹಿಡಿದವಳು ನಾನು. ಇಬ್ಬರೂ ಶೆಡ್ಡು ಬಿಟ್ಟಿದ್ದರು, ಹಾಡು ಅವರ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಜಮಖಂಡಿಯಲ್ಲಿ ಮೊಬೈಲ್ ಅಂಗಡಿಯ ಮೇಲೆ ಪರಸು ಎಂಬ ಹುಡುಗನ ಪುಟ್ಟ ಸ್ಟುಡಿಯೋ. ಬೀಳಗಿ ಕಡೆಯವನು, ಅಪ್ಪ ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವವನು. ಫೋನಿನಲ್ಲೇ ಹೇಳಿದ: "ಕಿವಿ ಕೇಳದವ್ರ ಸುರ ತಪ್ಪತಾರ್ರೀ. ಎರಡೂ ಸಾಲು ದೊಡ್ಡವ್ವಾರ ಹಾಡ್ಲಿ, ನಾ ಕೂಡಸ್ತೇನಿ."

ಹಾಗಾಗಿ ದೊಡ್ಡವ್ವನನ್ನು ಒಬ್ಬಳನ್ನೇ ಕರೆದುಕೊಂಡು ಹೋದೆ. ಅವಳು ಬಾಯಿ ತೆರೆದ ಕೂಡಲೇ ಪರಸುವಿನ ಕಂಪ್ಯೂಟರಿನ ಗೆರೆಗಳೆಲ್ಲ ಕೆಂಪಾದವು. "ಯವ್ವಾ, ಸ್ವಲ್ಪ ಸಣ್ಣಗ ಹಾಡ್ರಿ" ಎಂದ. ಮೊದಲ ಸಾಲು ಹಾಡಿದಳು. ಆಮೇಲೆ ಸುಮ್ಮನೆ ನಿಂತಳು. ಮತ್ತೆ ಹಾಡಿಸಿದರೂ ಅಷ್ಟೇ. ಎದುರಿಗೆ ಸ್ಪಂಜು ಬಡಿದ ಗೋಡೆ. ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು.

"ಮುಂದಿಂದು ಹಾಡ ದೊಡ್ಡವ್ವಾ."

"ಮುಂದಿಂದು ಅಕಿದು."

"ನಿನಗ ಬರತೈತಲ್ಲ?"

"ಬರತೈತಿ. ನನ್ನ ಸವಾಲಿಗೆ ನಾನ ಜವಾಬ್ ಕೊಟ್ರ ನನಗ ನಾನ ಗೆಳತಿ ಆದಂಗ. ಅರ್ಧಾ ಹಾಡ ತಗೊಂಡ ಏನ್ ಮಾಡ್ತಿ? ನಡಿ ಮನಿಗೆ."

ಮನೆಗೆ ಬಂದೆವು. ಮುಂದಿನ ವಾರ ಕಸ್ತೂರೆವ್ವನೂ ಜೊತೆಗೆ ಬಂದಳು, ಇಸ್ತ್ರಿ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ. ಪರಸು ಅವಳಿಗೆ ಕೈಮುಗಿದು ಹೊರಗಿನ ಕೋಣೆಯಲ್ಲಿ, ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ದೊಡ್ಡವ್ವ ಒಳಕೋಣೆಯಲ್ಲಿ. ನಡುವೆ ದಪ್ಪ ಗಾಜು. ಆ ಕಡೆಯ ಸದ್ದು ಈ ಕಡೆಗೆ ಬರದ ಗಾಜು. ಈ ಸಲ ಮೈಕನ್ನು ತಿರುಗಿಸಿ, ದೊಡ್ಡವ್ವ ಗಾಜಿನ ಕಡೆ ಮುಖ ಮಾಡುವ ಹಾಗೆ ನಿಲ್ಲಿಸಿದ್ದ. ಗೆಳತಿಯನ್ನು ನೋಡಿದರೆ ಧೈರ್ಯ ಬರಲಿ ಎಂದಷ್ಟೇ ಅವನ ಲೆಕ್ಕ.

ದೊಡ್ಡವ್ವ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹಾಡಿದಳು. ಅದು ಮುಗಿಯುತ್ತಲೇ ನನ್ನ ಪಕ್ಕದಲ್ಲಿ ಕಸ್ತೂರೆವ್ವ ಮಗ್ಗದ ಸದ್ದನ್ನೂ ಮೀರುವ ದನಿಯಲ್ಲಿ, "ಹೊಕ್ಕ ಬರತೇನಿ ನಾ ಗೆಳತಿ" ಎಂದು ಎತ್ತಿಕೊಂಡಳು. ಪರಸು ಕುರ್ಚಿಯಿಂದಲೇ ಹಾರಿದ. ಕಸ್ತೂರೆವ್ವನಿಗೆ ಏನೂ ಕೇಳಿರಲಿಲ್ಲ. ಗಾಜಿನಾಚೆ ದೊಡ್ಡವ್ವನಿಗೂ ಏನೂ ಕೇಳಿರಲಿಲ್ಲ. ಆದರೂ ಇವಳ ತುಟಿ ಮುಚ್ಚಿದ ಕ್ಷಣಕ್ಕೆ ಸರಿಯಾಗಿ ಅವಳು ಮೂರನೆಯ ಸಾಲು ಹಿಡಿದಳು. ಮಗ್ಗಗಳ ಸದ್ದಿದ್ದ ಜಾಗದಲ್ಲಿ ಈಗ ಗಾಜು ಇತ್ತು, ಅಷ್ಟೇ ವ್ಯತ್ಯಾಸ.

"ಅಕ್ಕಾ, ತಡೀರಿ, ನಿಲ್ಲಸ್ರಿ!" ಎಂದು ಪರಸು ನನ್ನ ಮೇಲೆ ಕೂಗಾಡಿ, ಓಡಿಹೋಗಿ ಎರಡನೆಯ ಮೈಕು ತಂದು ಕಸ್ತೂರೆವ್ವನ ಮುಂದೆ ನಿಲ್ಲಿಸಿದ. ಹಾಡನ್ನು ಮೊದಲಿನಿಂದ ಹಾಡಿಸಿದ; ದೊಡ್ಡವ್ವ ಮತ್ತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಅವನೂ ನಾನೂ ಒಳಗಿನ ದನಿಗೆ ಒಂದು ಕಿವಿಗೆ ಹೆಡ್‌ಫೋನು ಹಾಕಿ, ಪಕ್ಕದ ದನಿಗೆ ಇನ್ನೊಂದು ಕಿವಿ ಬಯಲು ಬಿಟ್ಟೆವು. ಆ ದಿನ ಇಬ್ಬರ ದನಿಯನ್ನೂ ಒಟ್ಟಿಗೆ ಕೇಳಿದವರು ನಾವಿಬ್ಬರೇ. ಸುರ ಎಲ್ಲಿಯೂ ತಪ್ಪಲಿಲ್ಲ.

ಮುಗಿದ ಮೇಲೆ ಡೊಳ್ಳು ಸೇರಿಸುತ್ತೀಯಾ ಎಂದು ಪರಸುವನ್ನು ಕೇಳಿದೆ. "ಇದರಾಗ ನಾ ಕೈ ಹಾಕಿದ್ರ ನಮ್ಮಪ್ಪ ಡೊಳ್ಳ ಬಿಟ್ಟ ನನ್ನ ಬಡೀತಾನ್ರೀ" ಎಂದ. ಒಳಗಿನಿಂದ ಬಂದ ದೊಡ್ಡವ್ವ ಬೆವರು ಒರೆಸಿಕೊಳ್ಳುತ್ತ ಕಸ್ತೂರೆವ್ವನಿಗೆ ತುಟಿಯಲ್ಲೇ ಹೇಳಿದಳು: "ನಾಕನೇ ಸಾಲಿನ್ಯಾಗ ಗಡಬಡಿ ಮಾಡಿದಿ ನೋಡ."

"ಗಡಬಡಿ ಮಾಡಿದಾಕಿ ನೀ ಬೇ! ನನಗ ಕಿವಿ ಇಲ್ಲ, ಕಣ್ಣ ಅದಾವ" ಎಂದು ಕಸ್ತೂರೆವ್ವ ಜಮಖಂಡಿಗೆಲ್ಲ ಕೇಳುವಂತೆ ಕೂಗಿದಳು.

ಎಲ್ಲರ ಮೊಬೈಲಿಗೂ ಸಿಗುವಂತೆ ಹಾಡನ್ನು ಇಂಟರ್‌ನೆಟ್ಟಿಗೆ ಹಾಕುವಾಗ ಪರಸು ಅದರ ಕೆಳಗೆ ಎರಡು ಹೆಸರು ಬರೆದ. ಯಾವುದು ಮೊದಲು ಎಂದು ಅವರಿಬ್ಬರೂ ಇವತ್ತಿಗೂ ಜಗಳಾಡುತ್ತಾರೆ.

ಬಸ್ಸಿನ ಮಾತಿಗೆ ಬರುತ್ತೇನೆ. ಡ್ರೈವರ್ ಬಂದು ಗಾಡಿ ಶುರು ಮಾಡಿದ. ಇಂಜಿನ್ನಿನ ಸದ್ದಿಗೆ ಹುಡುಗನ ಮೊಬೈಲು ಮುಳುಗಿಹೋಯಿತು. ನನಗೇ ಗೊತ್ತಿಲ್ಲದೆ ನನ್ನ ತುಟಿ ಮೊದಲ ಸಾಲನ್ನು ಹೇಳುತ್ತಿತ್ತು. ಪಕ್ಕದ ಸಾಲಿನಲ್ಲಿ ಮಡಿಲಲ್ಲಿ ಚೀಲವಿಟ್ಟುಕೊಂಡು ಕೂತ, ನಾನು ಎಂದೂ ಕಾಣದ ಹೆಂಗಸೊಬ್ಬಳು ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಸಾಲು ಮುಗಿಯುತ್ತಲೇ ಅವಳ ತುಟಿ ಆಡಿತು: ಹೊಕ್ಕ ಬರತೇನಿ ನಾ ಗೆಳತಿ.

ಆಮೇಲೆ ದನಿ ತೆಗೆಯದೆಯೇ ಕೇಳಿದಳು: "ಯಾರ ಮಗಳ ಬೇ ನೀ?"

ನಾನೂ ತುಟಿಯಲ್ಲೇ ಹೇಳಿದೆ: "ರಬಕವಿ ನೀಲವ್ವನ ತಂಗಿ ಮಗಳರಿ."

ಹೇಳಿದ ಮೇಲೆ ಅರ್ಧವೇ ಹೇಳಿದೆ ಎನಿಸಿತು. ಅವಳು ತಿರುಗುವ ಮೊದಲೇ ಕೈಯಾಡಿಸಿ ಕರೆದು, ಮಿಕ್ಕಿದ್ದನ್ನೂ ಹೇಳಿದೆ: "ಕಸ್ತೂರೆವ್ವಗೂ ಮಗಳರಿ."