ಗಂಗಾದೇವಿಯ ನಾಲ್ಕು ಕ್ರೆಡಿಟ್

ಸಿದ್ದರಾಮೇಶ ಸರ್ ದೆವ್ವವನ್ನು ನಂಬುವವರಲ್ಲ. ಆ ವಿಷಯದ ಮೇಲೆ ಮಸ್ಕಿಯ ಶಾಲೆಯೊಂದರಲ್ಲಿ ಭಾಷಣವನ್ನೇ ಮಾಡಿದ್ದರು. ನಡುವೆ ಕರೆಂಟ್ ಹೋಗಿ ಮೈಕು ಸತ್ತರೂ ನಲವತ್ತು ನಿಮಿಷ ಪೂರ್ತಿ ಮಾಡಿಯೇ ಕೆಳಗಿಳಿದಿದ್ದರು. ಅಂಥವರು ಈಗ ಶನಿವಾರ ಬಂತೆಂದರೆ ಕ್ಲಾಸಿನ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವುದಿಲ್ಲ.

ಸರ್ ಲಿಂಗಸುಗೂರಿನವರು. ದಿನಾ ಮಸ್ಕಿ ಮೇಲೆ ಹಾಯುವ ಬಸ್ಸು ಹಿಡಿದು ಸಿಂಧನೂರಿನ ಡಿಗ್ರಿ ಕಾಲೇಜಿಗೆ ಬರುತ್ತಾರೆ. ಕಳೆದ ಜುಲೈನಲ್ಲಿ ಆ ಕಾಲೇಜು ಹೊಸದೊಂದು ಯೋಜನೆ ಹೂಡಿತು. ಪಿಯುಸಿ ಓದುವ ಮಕ್ಕಳು ಶನಿವಾರ ಮಧ್ಯಾಹ್ನ ಬಂದು ಡಿಗ್ರಿಯ ಒಂದು ವಿಷಯ ಕಲಿಯಬಹುದು. ಮಣ್ಣು ಮತ್ತು ನೀರಿನ ಪರೀಕ್ಷೆ ಅದರ ಹೆಸರು. ಇಪ್ಪತ್ತು ಶನಿವಾರ ಹಾಜರಿ, ವಾರಕ್ಕೊಮ್ಮೆ ಹೊಲ ನೋಡಿ ಬರೆದ ನೋಟ್‌ಬುಕ್ಕು. ಪಾಸಾದರೆ ನಾಲ್ಕು ಕ್ರೆಡಿಟ್. ಮುಂದೆ ಡಿಗ್ರಿಗೆ ಸೇರಿದಾಗ ಅಷ್ಟು ಓದು ಆಗಲೇ ಮುಗಿದಂತೆ. ಸರ್ ಇದಕ್ಕೆ ಸಂಯೋಜಕರು. ಆ ಹುದ್ದೆಯ ಬೋರ್ಡನ್ನು ತಾವೇ ನಿಂತು ಬರೆಸಿದರು. ಅಕ್ಷರ ಎಷ್ಟು ದಪ್ಪ ಬಂದವೆಂದರೆ ಪಕ್ಕದ ಪ್ರಿನ್ಸಿಪಾಲರ ಬೋರ್ಡು ಅದರ ಮರಿಯಂತೆ ಕಾಣುತ್ತಿತ್ತು.

"ನಲವತ್ತೆರಡು ಹುಡುಗರು, ಒಬ್ಬೊಬ್ಬರ ನಾಡಿ ನನಗ ಗೊತ್ತೈತಿ," ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಮುಖ ಮಾತ್ರ ಗೊತ್ತಿರಲಿಲ್ಲ. ಎರಡು ತಾಸಿನ ಪಾಠದಲ್ಲಿ ಒಂದೂವರೆ ತಾಸು ಹಲಗೆಯ ಕಡೆಗೆ ತಿರುಗಿ, ತಮ್ಮ ಪಿಎಚ್‌ಡಿಯ ಕಥೆ ಹೇಳುತ್ತ ಬರೆಯುತ್ತಿದ್ದರು. ಹಾಜರಿ ಹಾಳೆಯನ್ನು ಅಟೆಂಡರ್ ಗೌಸ್‌ಸಾಬ್ ಮುಂದಿನ ಬೆಂಚಿಗೆ ಕೊಟ್ಟು ಹಿಂದಿನ ಬೆಂಚಿನಿಂದ ಇಸಿದುಕೊಳ್ಳುತ್ತಿದ್ದ.

ನಲವತ್ತೆರಡು ನೋಟ್‌ಬುಕ್ಕುಗಳಲ್ಲಿ ನಲವತ್ತೊಂದು ಸರ್ ಹೇಳಿದ್ದನ್ನೇ ಸರ್‌ಗೆ ವಾಪಸು ಒಪ್ಪಿಸುತ್ತಿದ್ದವು. ಮುಕ್ಕುಂದದ ಗಂಗಾದೇವಿಯದು ಬೇರೆ. "ಕಾಲುವೆಯ ಕೊನೆಯ ಭತ್ತದ ಮಡಿಯಲ್ಲಿ ನೀರು ಬೆಳಗ್ಗೆಯೇ ಬೆಚ್ಚಗಿರುತ್ತದೆ. ಅಲ್ಲಿ ಹಿಮ್ಮಡಿ ಜಾರುತ್ತದೆ. ಜಾರಿದ ಕಡೆ ಸಸಿ ಹಿಡಿಯುವುದಿಲ್ಲ. ಒಣಗಿದ ಮೇಲೆ ನೋಡಿದರೆ ಬಿಳಿ ಉಪ್ಪು," ಎಂದು ಬರೆದಿತ್ತು ಒಂದು ವಾರ. ಅಕ್ಟೋಬರಿನಲ್ಲಿ ಸರ್ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಕ್ಲಾಸು ಗಪ್‌ಚಿಪ್ಪಾಯಿತು. ತಮ್ಮ ಓದುಗಾರಿಕೆಯೇ ಅಂಥದ್ದು ಎಂದುಕೊಂಡು ಸರ್ ಇನ್ನೊಂದು ಪುಟ ಓದಿದರು. ಮುಕ್ಕುಂದ, ಗೊರೇಬಾಳದ ಹುಡುಗರು ತಲೆ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಸಮಾರೋಪ. ಗಂಗಾದೇವಿಗೆ ಶಾಲು ಹೊದಿಸಬೇಕು, ಜೊತೆಗೆ ನಿಂತು ತಾವು ಫೋಟೋ ತೆಗೆಸಿಕೊಳ್ಳಬೇಕು ಎಂದು ಸರ್ ಯೋಚಿಸಿದರು. ಫೋನು ಹತ್ತಲಿಲ್ಲ. ಒಂದು ರವಿವಾರ ಗೌಸ್‌ಸಾಬನ ಬೈಕಿನ ಹಿಂದೆ ಕೂತು, ನೋಟ್‌ಬುಕ್ಕನ್ನು ಬಗಲಲ್ಲಿ ಹಿಡಿದು ಮುಕ್ಕುಂದಕ್ಕೇ ಹೋದರು.

ತಾಯಿ ಗದ್ದೆಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಸೆರಗು ತಲೆಗೆಳೆದುಕೊಂಡು ಎದ್ದಳು.

"ಗಂಗಾದೇವಿನ್ನ ಕರೀರಿ ಯವ್ವಾ. ಆಕಿಗೆ ಸನ್ಮಾನ ಐತಿ. ನಾನು ಆಕಿ ಸರ್," ಎಂದರು ಸರ್. ಎದೆ ತಾನಾಗಿ ಉಬ್ಬಿತ್ತು.

ಗದ್ದೆಮ್ಮ ಗೌಸ್‌ಸಾಬನ ಮುಖ ನೋಡಿದಳು, ಮತ್ತೆ ಸರ್ ಮುಖ ನೋಡಿದಳು. "ಆಕಿ ಎಲ್ಲಿಂದ ಬರ್ತಾಳ್ರೀ? ಜ್ವರ ಬಂದು ಏಳನೇ ದಿನಕ್ಕ ಹೋದ್ಲು. ಶ್ರಾವಣದಾಗ. ನಿಮಗ ಯಾರೂ ಹೇಳಿಲ್ಲೇನ್ರೀ?"

ಸರ್ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ನೋಡಿದರು. ಹಿಂದಿನ ವಾರದ ತಾರೀಖು. ಅಕ್ಷರ ದುಂಡಗೆ, ಶಾಯಿ ಇನ್ನೂ ಹೊಸದು.

"ಏನ್ ಬರ್ದೈತ್ರೀ ಅದ್ರಾಗ?" ಎಂದಳು ಗದ್ದೆಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ.

ಸರ್ ನೋಟ್‌ಬುಕ್ಕು ಮುಚ್ಚಿ ಬಗಲಿಗೆ ಸೇರಿಸಿ ಬೈಕು ಹತ್ತಿದರು. ಬೈಕು ಗೊರೇಬಾಳ ದಾಟಿತು. ಆಮೇಲೆ, "ಗೌಸ್, ಹಾಜರಿ ಹಾಳ್ಯಾಗ ಆಕಿ ಸಹಿ ಐತಲ್ಲೋ?" ಎಂದರು.

"ಐತ್ರೀ ಸರ್. ನೀವು ಮಕ್ಕಳ ನಾಡಿ ಬಲ್ಲೋರು, ನಾನು ಹಾಳಿ ಎಣಿಸೋನು. ಹಾಳಿ ಬರೋಬರ್ ಇತ್ರೀ," ಎಂದ ಗೌಸ್‌ಸಾಬ್. ಸರ್ ಅವನ ಬೆನ್ನ ಹಿಂದೆ ಕೂತಿದ್ದರಿಂದ ಮುಖ ಕಾಣಲಿಲ್ಲ.

ಸೋಮವಾರ ಮುಕ್ಕುಂದದ ಇನ್ನೊಬ್ಬ ಹುಡುಗಿಯನ್ನು ಕರೆಸಿದರು. ಅಮರೇಶ್ವರಿ, ದ್ವಿತೀಯ ಪಿಯುಸಿ. ಬಂದವಳು ಕೇಳುವ ಮೊದಲೇ ಹೇಳಿದಳು.

"ನಾನೇ ಬರದಿದ್ದು ಸರ್ರಿ. ಸಹಿನೂ ನಂದೇ."

"ಸತ್ತಾಕಿ ಹೆಸರ್ಲೇ? ನಾಚಿಕಿ ಬರಂಗಿಲ್ಲೇನ್ ನಿನಗ?"

"ಮುಯ್ಯಾಳ್ ಸರ್ರಿ," ಎಂದಳು ಅವಳು, ಇಷ್ಟೂ ತಿಳಿಯದೆ ಎನ್ನುವಂತೆ.

ಕಥೆ ಹೀಗಿತ್ತು. ಕಾಲುವೆ ಸೀಮೆಯಲ್ಲಿ ನಾಟಿ ಎಂದರೆ ಗುಂಪಿನ ಕೆಲಸ. ಇವತ್ತು ನಿನ್ನ ಸಾಲಿನಲ್ಲಿ ನಾನು ನಿಂತರೆ, ನಾಳೆ ನನ್ನ ಸಾಲಿನಲ್ಲಿ ನೀನು ನಿಲ್ಲಬೇಕು. ಅದೇ ಮುಯ್ಯಾಳು. ಇಬ್ಬರೂ ಹುಡುಗಿಯರು ಕ್ರೆಡಿಟ್ಟಿಗೆ ಹೆಸರು ಹಚ್ಚಿದ್ದರು. ನಾಟಿ ಕಾಲದಲ್ಲಿ ಗುಂಪಿನಿಂದ ಇಬ್ಬರನ್ನೂ ಬಿಡುವಂತಿರಲಿಲ್ಲ. ಮೊದಲ ಐದು ಶನಿವಾರ ಗಂಗಾದೇವಿ ಅಮರೇಶ್ವರಿಯ ಸಾಲನ್ನೂ ತಾನೇ ನೆಡುವುದು, ಇವಳು ಕಾಲೇಜಿನಲ್ಲಿ ಇಬ್ಬರ ಹೆಸರಿಗೂ ಬರೆಯುವುದು. ಮುಂದಿನ ಐದು ಶನಿವಾರ ಅದಲು ಬದಲು, ನಾಟಿ ಮುಗಿದ ಮೇಲೆ ಇಬ್ಬರೂ ಕ್ಲಾಸಿಗೆ. ಒಬ್ಬರ ಬದಲಿಗೆ ಒಬ್ಬರು ನಿಂತರೆ ಅದು ಮೋಸ ಎಂದು ಆ ಊರಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಐದು ಶನಿವಾರ ಮುಗಿದವು. ಆರನೆಯದಕ್ಕೆ ಗಂಗಾದೇವಿ ಇರಲಿಲ್ಲ.

"ಆಕಿ ಋಣ ಐದು ದಿನ ನನ್ ಮ್ಯಾಲಿತ್ತು. ಆಕಿ ಹೆಸರ್ಲೆ ಐದು ವಾರ ಬರದು ನಿಲ್ಲಸ್ಬೇಕಂದಿದ್ದೆ. ನಿಲ್ಲಿಸಿದ ವಾರ ಸಹಿ ಮಾಡ್ಲಿಲ್ರೀ. ಆಕಿ ಎರಡು ತಾಸು ಬಾಗಿಲ್ದಾಗ ನಿಂತಂಗಾತು ಸರ್ರಿ, ಕೆಸರುಗಾಲ್ಲೆ. ಒಳಗ ಬಾ ಅಂತ ಯಾರೂ ಅನ್ನವಲ್ರು. ಕೊನಿಗೆ ನಾನೇ ಹಾಳಿ ಇಸ್ಗೊಂಡು ಸಹಿ ಹಾಕಿದೆ."

ಸರ್ ಅರಿವಿಲ್ಲದೆ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಹೊರಗೆ ಗೌಸ್‌ಸಾಬ್ ಕಸಬರಿಗೆ ಆಡಿಸುತ್ತಿದ್ದ.

ನಿಯಮ ಸ್ಪಷ್ಟವಿತ್ತು: ಬದಲಿ ಹಾಜರಿ ಹಾಕಿದವರ ಕ್ರೆಡಿಟ್ ರದ್ದು. ಅಮರೇಶ್ವರಿಗೆ ಆ ನಾಲ್ಕು ಎಂದರೆ ಡಿಗ್ರಿಯೇ. ಪಿಯುಸಿ ಸಾಕು ಎಂದು ಕೂತಿದ್ದ ಅವಳಪ್ಪ ಕನಕರಾಯ, "ಡಿಗ್ರಿ ಆಗ್ಲೇ ಶುರುವಾಗೇತಂದ್ರ ನಡೀಲಿ, ಅರ್ಧ ನಾಟಿ ಮಾಡಿದ ಮಡಿ ಯಾರರ ಬಿಡ್ತಾರೇನು," ಎಂದು ಒಪ್ಪಿದ್ದೇ ಅದರ ಮೇಲೆ.

ಸರ್ ಒಂದು ಉಪಾಯ ತೆಗೆದರು. "ಆಕಿ ಹೆಸರು ಹೊಡದು ಹಾಕ್ತೀನಿ. ನಿಂದು ಉಳೀತೈತಿ. ಯಾರಿಗೂ ಗೊತ್ತಾಗಂಗಿಲ್ಲ." ಹಾಗೆ ಮಾಡಿದರೆ ತಮ್ಮ ಬೋರ್ಡೂ ಉಳಿಯುತ್ತದೆ ಎಂಬುದನ್ನು ಹೇಳಲಿಲ್ಲ.

"ಆಕಿದು ಹೊಡದ್ರ ನಂದೂ ಹೊಡೀರಿ," ಎಂದಳು ಅಮರೇಶ್ವರಿ. "ಆಕಿ ಕೆಸರಾಗ ನಿಂತಿದ್ದಕ್ಕ ನಾ ಬೆಂಚಿನ್ ಮ್ಯಾಲೆ ಕುಂತೀನಿ."

ಆ ಶನಿವಾರ ಸರ್ ಹಲಗೆಯ ಮೇಲೆ ಬರೆಯುವಾಗ ಹಿಂದೆ ಯಾರೋ ಕಾಲು ಒರೆಸಿಕೊಂಡಂತಾಗುತ್ತಿತ್ತು. ತಿರುಗಿದರೆ ಮಕ್ಕಳೆಲ್ಲ ತಮ್ಮನ್ನೇ ನೋಡುತ್ತಿದ್ದವು, ಒಂದೊಂದಕ್ಕೂ ಒಂದೊಂದು ಮುಖ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು ಎಂದು ಅವರಿಗೇ ಗಾಬರಿಯಾಯಿತು.

ಸೋಮವಾರ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಪಿಎಚ್‌ಡಿಯ ಪ್ರಸ್ತಾಪವಿಲ್ಲದ ಅವರ ಮೊದಲ ಪತ್ರ ಅದು. ನಡೆದದ್ದು ಹೀಗೆ, ತೀರಿಕೊಂಡ ವಿದ್ಯಾರ್ಥಿನಿಯ ಹೆಸರಿನ ಪುಟವನ್ನು ನಾನೇ ಕ್ಲಾಸಿನಲ್ಲಿ ಓದಿದ್ದೇನೆ, ಒಂದು ದಿನವೂ ಮುಖ ನೋಡಿ ಹಾಜರಿ ತೆಗೆದವನಲ್ಲ, ತಪ್ಪು ನನ್ನದು, ಬದುಕಿರುವ ಹುಡುಗಿಯ ಓದನ್ನು ಬೇಕಾದರೆ ಪರೀಕ್ಷಿಸಿ ನೋಡಿ ಎಂದಿತ್ತು.

ಜನವರಿಯಲ್ಲಿ ಉತ್ತರ ಬಂತು. ಅಮರೇಶ್ವರಿಗೆ ಹೊರಗಿನವರಿಂದ ಮೌಖಿಕ ಪರೀಕ್ಷೆ. ಗಂಗಾದೇವಿಗೆ ಸೊನ್ನೆ. ಸಂಯೋಜಕರ ಬದಲಾವಣೆ. ಬೋರ್ಡನ್ನು ಗೌಸ್‌ಸಾಬನೇ ಬಿಚ್ಚಿ, "ಎಲ್ಲಿ ಇಡ್ಲಿ ಸರ್? ಯಾವ ಬಾಗಿಲ್ದಾಗೂ ಹಿಡಿಯವಲ್ದು," ಎಂದ.

ಪರೀಕ್ಷೆಗೆ ಬಂದ ಮೇಡಂ ಮಣ್ಣು ಮುಟ್ಟಿಸಿ ಕೇಳಿದರು, ನೀರು ತೋರಿಸಿ ಕೇಳಿದರು. ಅಮರೇಶ್ವರಿ ಎಲ್ಲಕ್ಕೂ ಉತ್ತರಿಸಿದಳು. ನಾಲ್ಕೂ ಕ್ರೆಡಿಟ್ ಅವಳ ಹೆಸರಿಗೆ ಬಿದ್ದವು. ಸರ್ ಖುಷಿಯಿಂದ ಹೇಳಲು ಹೋದರೆ ಅವಳು ಕೇಳಿದ್ದು ಒಂದೇ:

"ಆಕಿಗೆ?"

"ಸೊನ್ನಿ."

"ಹಂಗಾದ್ರ ನಂದಿನ್ನೂ ಐದು ದಿನ ಬಾಕಿ ಐತಿ," ಎಂದು ಬಸ್ಸಿಗೆ ನಡೆದಳು.

ಅದು ಎರಡನೇ ಬೆಳೆಯ ನಾಟಿ ಕಾಲ. ಗೌಸ್‌ಸಾಬ್ ಗೊರೇಬಾಳದವನು, ಪ್ರತಿ ಸೋಮವಾರ ಸುದ್ದಿ ತರತೊಡಗಿದ. ಶನಿವಾರ ಅಮರೇಶ್ವರಿ ಗದ್ದೆಮ್ಮನ ಮಡಿಗೆ ಇಳಿದಿದ್ದಾಳೆ. ಇಬ್ಬರ ಅಗಲಕ್ಕೆ ಒಬ್ಬಳೇ ನೆಡುತ್ತಾಳೆ. ಗುಂಪಿನ ಹೆಂಗಸರು ಆಕೆಯ ಬಲಕ್ಕೆ ಒಂದಾಳಿನ ಜಾಗ ಬಿಟ್ಟೇ ನಿಲ್ಲುತ್ತಾರೆ, ಬಿಡಿ ಎಂದು ಯಾರೂ ಹೇಳಿಲ್ಲ. ಎರಡು ವಾರ, ಮೂರು, ನಾಲ್ಕು. ಐದನೆಯದಾದ ಮೇಲಿನ ಸೋಮವಾರ, "ಮುಗೀತಂತ್ರೀ ಸರ್. ಆಕಿದು ತೀರ್ತು," ಎಂದ.

ನಿರಾಳವಾಗಬೇಕಿತ್ತು. ಸರ್‌ಗೆ ಹೆದರಿಕೆಯಾಯಿತು. ಅಮರೇಶ್ವರಿ ಲೆಕ್ಕ ಮುಗಿಸಿ ಹೋಗಿದ್ದಳು. ಬಾಗಿಲಲ್ಲಿ ನಿಂತದ್ದು ಹೋಗಿರಲಿಲ್ಲ. ಕಣ್ಣು ಮುಚ್ಚಿದರೆ ಕೆಸರುಗಾಲು ಕಾಣುತ್ತಿತ್ತು, ಲಂಗದ ಅಂಚು ಕಾಣುತ್ತಿತ್ತು. ಮೇಲೆ ನೋಡಿದರೆ ಮುಖವಿರಬೇಕಾದಲ್ಲಿ ಏನೂ ಇಲ್ಲ.

ಮುಂದಿನ ಶನಿವಾರ ರಜೆ ಹಾಕಿ ಒಬ್ಬರೇ ಮುಕ್ಕುಂದಕ್ಕೆ ಹೋದರು. ಗದ್ದೆಮ್ಮ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದಳು. ಸರ್ ಕೂತು, ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಹೇಳಿದರು. ಗದ್ದೆಮ್ಮ ನಡುನಡುವೆ, "ಹೌದ್ರೀ, ಆ ಮಡಿ ಹಂಗೇ," ಎನ್ನುತ್ತಿದ್ದಳು. ಓದಿ ಮುಗಿದ ಮೇಲೂ ಸರ್ ಏಳಲಿಲ್ಲ.

"ಯವ್ವಾ," ಎಂದರು, ದನಿ ತಗ್ಗಿಸಿ, "ಆಕಿ ನೋಡಾಕ ಹೆಂಗಿದ್ಲು?"