ಎಂಟು ಮಕ್ಕಳ ತೊಟ್ಟಿಲು

ತೊಟ್ಟಿಲ ಮೇಸ್ತ್ರಿ ಗಿರಾಕಿ ಬಂದೊಡನೆ ಮೊದಲು ಮರ ತಟ್ಟುತ್ತಿದ್ದ, ಆಮೇಲೆ ಮಾತು.

"ಎಂಟು ಮಕ್ಕಳು ಮಲಗಿ ಎದ್ರೂ ಕೀಲು ಅಲುಗಲ್ಲ. ಅದಕ್ಕೆ ನಾನು ಜವಾಬ್ದಾರಿ."

ಆ ಕಾಲದಲ್ಲಿ ಎಂಟು ಹೆರುವುದು ವಿಶೇಷವಲ್ಲ. ಎಂಟೂ ಉಳಿಯುವುದು ವಿಶೇಷ. ಅವನ ಹೆಂಡತಿಯೇ ಏಳು ಹೆತ್ತಿದ್ದಳು. ಉಳಿದವಳು ಕೊನೆಯ ಮಗಳು ಮಾತ್ರ. ಇರುವುದೊಂದು ಕಣ್ಣು ಎಂದು ಅವಳನ್ನು ಮನೆಗೆಲಸಕ್ಕೆ ಹಚ್ಚದೆ ಶಾಲೆಗೆ ಕಳಿಸಿದ.

ಮಗಳು ಓದಿ ನರ್ಸ್ ಆದಳು. ಅಂಗಡಿಯ ಎದುರಿನ ಕೋಣೆಯಲ್ಲೇ ಕೂತು ಊರ ಕೂಸುಗಳಿಗೆಲ್ಲ ಚುಚ್ಚುಮದ್ದು ಹಾಕಿದಳು, ನೀರು ಕುದಿಸಿ ಕುಡಿಸಿರೆಂದು ತಾಯಂದಿರನ್ನು ಗದರಿದಳು. ಕೂಸುಗಳು ಸಾಯುವುದನ್ನು ಬಿಟ್ಟವು. ಮನೆಮನೆಯಲ್ಲೂ ಮಕ್ಕಳು, ಕೆಲವು ವರ್ಷ ಮೇಸ್ತ್ರಿಗೆ ಸುಗ್ಗಿಯೋ ಸುಗ್ಗಿ. ಆಮೇಲೆ ಮಗಳ ಜೊತೆ ಓದಿದ ಹುಡುಗಿಯರು ತಾಯಂದಿರಾದರು. ಹುಟ್ಟಿದ್ದು ಉಳಿಯುತ್ತದೆಂದು ತಿಳಿದವರು, ಎರಡೇ ಸಾಕೆಂದರು. ಎಂಟು ಮಕ್ಕಳ ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ನೆರೆಮನೆಗೆ ಹೋಗತೊಡಗಿತು. ಕೀಲು ಅಲುಗಲಿಲ್ಲ. ಹೊಸದನ್ನು ಕೇಳುವವರಿಲ್ಲ.

"ನಿನ್ನ ಸೂಜಿ ನನ್ನ ಉಳೀನ ತಿಂತಲ್ಲೇ," ಎಂದ ಮೇಸ್ತ್ರಿ, ಊಟಕ್ಕೆ ಕೂತಾಗ.

"ಅಷ್ಟು ಗಟ್ಟಿಯಾಗಿ ಮಾಡು ಅಂದವರ್ಯಾರಪ್ಪ?" ಎಂದಳು ಮಗಳು.

ಮಾತು ನಾಟಿತು. ಹಗುರ ಮರ ತಂದು, ಕೀಲಿನ ಬದಲು ಮೊಳೆ ಹೊಡೆದು, ಎರಡೇ ಮಕ್ಕಳಿಗೆ ಆಗಿ ಮುರಿಯುವಂಥ ತೊಟ್ಟಿಲು ಮಾಡಿ ಮುಂದಿಟ್ಟ. ಒಬ್ಬಳು ಅತ್ತೆ, ಬಸುರಿ ಸೊಸೆಯೊಡನೆ ಬಂದಳು.

"ಮೂರನೇದು ಬಂದ್ರೆ ತಡೆಯುತ್ತಾ?"

"ಬರಲ್ಲ, ಅತ್ತೆ," ಎಂದಳು ಸೊಸೆ.

"ನಿನ್ನ ಕೇಳ್ಲಿಲ್ಲ. ಮೇಸ್ತ್ರೀನ ಕೇಳ್ದೆ."

ಮೇಸ್ತ್ರಿ ತಟ್ಟಲು ಕೈಯೆತ್ತಿದ, ತಟ್ಟಲಿಲ್ಲ. ಎತ್ತಿದ ಕೈಯಿಂದ ತೊಟ್ಟಿಲನ್ನು ಹಿಂದಕ್ಕೆ ಸರಿಸಿದ. ಅವರು ಹೊರಟುಹೋದರು.

ಹೆಂಡತಿ ಬಂದು ತೊಟ್ಟಿಲನ್ನು ಒಮ್ಮೆ ತೂಗಿದಳು. ಕಿರ್ರೆಂದಿತು.

"ನಮ್ಮ ಆರು ಹೋದಾಗ ತೊಟ್ಟಿಲು ಗಟ್ಟಿಯಾಗೇ ಇತ್ತು, ಅಲ್ವಾ?" ಎಂದು, ಒಲೆಯ ಮೇಲಿನ ನೀರು ಕುದಿಯಿತೋ ಇಲ್ಲವೋ ನೋಡಲು ಒಳಗೆ ಹೋದಳು.

ಮೇಸ್ತ್ರಿ ಮೊಳೆಗಳನ್ನೆಲ್ಲ ಕಿತ್ತ. ಬೀದಿ ದಾಟಿ ಮಗಳ ಕೋಣೆಗೆ ಹೋದ. ಬಾಗಿಲಲ್ಲಿ ತಾಯಂದಿರು ಕೂಸುಗಳನ್ನೆತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು.

"ಕೂರೋಕೆ ಒಂದು ಬೆಂಚು ಮಾಡಿಸಬಾರದೇನೇ?"

"ಊರಲ್ಲಿರೋದು ಒಬ್ಬರೇ ಮೇಸ್ತ್ರಿ, ಅಪ್ಪ. ಅವರು ತೊಟ್ಟಿಲು ಬಿಟ್ಟು ಬೇರೇನೂ ಮುಟ್ಟಲ್ಲ."

ವಾರ ಕಳೆಯುವುದರೊಳಗೆ ಬೆಂಚು ಬಂತು. ಮೇಸ್ತ್ರಿ ಮರ ತಟ್ಟಿದ.

"ಎಂಟು ತಾಯಂದಿರು ಕೂತ್ರೂ ಕೀಲು ಅಲುಗಲ್ಲ. ನಾನು ಜವಾಬ್ದಾರಿ."

ಎಂಟು ಮಂದಿ ಕೂತರು. ಅಲುಗಲಿಲ್ಲ. ಒಂಬತ್ತನೆಯವಳು ನಿಂತೇ ಇದ್ದಳು. ಅವಳನ್ನು ನೋಡಿ ಮೇಸ್ತ್ರಿ ಇನ್ನೊಂದು ಬೆಂಚಿಗೆ ಮರ ಕೊಯ್ಯಲು ಹೋದ.